ಮೂರನೇ ಹಾಸಿಗೆಯ ಎರಡು ಗಂಟೆಯ ದಾಖಲೆ

ಮಹಡಿಯ ಕೋಣೆ ಖಾಲಿ ಇದೆಯೆಂದು ಗೇಟಿಗೆ ಹಲಗೆ ತೂಗುಹಾಕಿದ ಮೂರನೆಯ ದಿನ ಅವನು ಬಂದ. ಬಾಡಿಗೆಗೆ ಬರುವವರು ಸಾಮಾನ್ಯವಾಗಿ ನೀರು ಹೇಗೆ, ಗಾಳಿ ಬೆಳಕು ಹೇಗೆ ಎಂದು ಕೇಳುತ್ತಾರೆ. ಅವನು ಕೋಣೆಯ ನಡುವೆ ನಿಂತು ಗೋಡೆಯ ಪ್ಲಗ್ಗುಗಳನ್ನು ಒಂದೊಂದಾಗಿ ನೋಡಿ, "ಇಲ್ಲಿ ಕರೆಂಟು ಎಷ್ಟು ಸಲ ಹೋಗುತ್ತೆ ಸರ್?" ಎಂದ.

"ಹೋಗೋದೇ ಇಲ್ಲ ಅನ್ನಿ. ವರ್ಷಕ್ಕೆ ಎರಡೋ ಮೂರೋ ಸಲ" ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಅವನ ಮುಖ ಸಣ್ಣದಾಯಿತು. "ಪರವಾಗಿಲ್ಲ ಬಿಡಿ, ನಾನೇ ತೆಗೀತಿರ್ತೀನಿ" ಎಂದ.

ನನ್ನ ಹೆಂಡತಿ ಮೆಟ್ಟಿಲ ಬುಡದಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವನು ಮುಂಗಡ ಕೊಟ್ಟು ಹೋದ ಮೇಲೆ, "ಕರೆಂಟು ಹೋಗಲಿ ಅಂತ ಆಸೆಪಡೋ ಮನುಷ್ಯನ್ನ ಇದೇ ಮೊದಲು ನೋಡಿದ್ದು. ಸ್ವಿಚ್ಚಪ್ಪ" ಎಂದಳು. ಆ ಹೆಸರು ಅವನಿಗೆ ಅಂಟಿಕೊಂಡಿತು. ಮುಂದೆ ಅವನಿಗೂ ಅದು ಗೊತ್ತಾಗಿ, ಬಾಡಿಗೆಯ ಲಕೋಟೆಯ ಮೇಲೆ ತಾನೇ ಹಾಗೆ ಬರೆದುಕೊಡತೊಡಗಿದ.

ಆಗ ಅವನಿಗೆ ಮೂವತ್ತಮೂರು ವರ್ಷ. ಎತ್ತರದ, ಸಪೂರ ಆಳು. ಮದುವೆಯಾಗಿರಲಿಲ್ಲ. ಅವನ ಸಾಮಾನು ಎಂದರೆ ಒಂದು ಹಾಸಿಗೆ, ಬಟ್ಟೆಯ ಒಂದು ಪೆಟ್ಟಿಗೆ, ತಂತಿಗಳ ಏಳು ಪೆಟ್ಟಿಗೆ. ಒಂದು ವಾರದೊಳಗೆ ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಉದ್ದನೆಯ ಮರದ ಹಲಗೆ ಬಂತು. ಅದಕ್ಕೆ ಮೊಳೆ ಹೊಡೆದು ಕೂರಿಸಿದ ಇಪ್ಪತ್ತು ಗೂಡುಗಳು, ಪ್ರತಿ ಗೂಡಿನಲ್ಲೂ ಉಗುರಿನಷ್ಟೇ ದೊಡ್ಡದಾದ ಒಂದೊಂದು ಮೆಮೊರಿ ಕಾರ್ಡು. ಅವುಗಳಿಗೆ ಹೋಗುವ ವಿದ್ಯುತ್ತನ್ನು ಒಂದು ಪುಟ್ಟ ಯಂತ್ರ ತನಗೆ ತೋಚಿದ ಕ್ಷಣದಲ್ಲಿ ಕತ್ತರಿಸುತ್ತಿತ್ತು, ಮತ್ತೆ ಕೊಡುತ್ತಿತ್ತು. ಕೆಳಗೆ ಊಟಕ್ಕೆ ಕುಳಿತ ನಮಗೆ ಹಲ್ಲಿ ಲೊಚಗುಟ್ಟಿದಂತೆ ಆ ಸದ್ದು ಕೇಳುತ್ತಿತ್ತು.

ಒಂದು ಭಾನುವಾರ ಸಂಜೆ ಮೇಲೆ ಹೋಗಿ ಕೇಳಿಯೇ ಬಿಟ್ಟೆ. ಅವನು ಕುರ್ಚಿಯ ಮೇಲಿದ್ದ ತಂತಿಗಳನ್ನು ಸರಿಸಿ ಕೂರಿಸಿ, "ಮೇಷ್ಟ್ರೇ, ಪರೀಕ್ಷೆ ಪತ್ರಿಕೆ ತಿದ್ದಿದ ಮೇಲೆ ಅಂಕ ಎಲ್ಲಿ ಬರೀತಿದ್ರಿ?" ಎಂದು ನನ್ನನ್ನೇ ಕೇಳಿದ.

"ಮೊದಲು ಒಂದು ಚೀಟಿಯಲ್ಲಿ. ಪುರುಸೊತ್ತಾದಾಗ ರಿಜಿಸ್ಟರಿಗೆ ಏರಿಸುತ್ತಿದ್ದೆ."

"ಹೆಡ್‌ಮಾಸ್ಟರು ಬಂದು ಅಂಕ ಹಾಕಿದ್ದಾಯ್ತಾ ಅಂದ್ರೆ?"

"ಆಯ್ತು ಅನ್ನುತ್ತಿದ್ದೆ."

"ಚೀಟೀಲಿದ್ದಾಗಲೇ?"

ನಾನು ನಕ್ಕೆ. ಅವನೂ ನಕ್ಕ. "ಈ ಕಾರ್ಡೂ ಹಾಗೇನೆ. ಬರೆಯೋದು ನಿಧಾನ ಅಂತ ಒಳಗೆ ಒಂದು ಚೀಟಿ ಇಟ್ಕೊಂಡಿರುತ್ತೆ, ನಾವು ಅದಕ್ಕೆ ಕ್ಯಾಶ್ ಅಂತೀವಿ. ಕೊಟ್ಟಿದ್ದನ್ನೆಲ್ಲ ಚೀಟೀಲಿ ಗೀಚ್ಕೊಂಡು ಆಯ್ತು ಆಯ್ತು ಅಂತಿರುತ್ತೆ. ಆಗ ಕರೆಂಟು ಹೋಯ್ತು ಅನ್ನಿ, ಚೀಟಿ ಗಾಳಿಗೆ ಹಾರಿಹೋದ ಹಾಗೆ. ಮಕ್ಕಳ ಅಂಕ ಗೋವಿಂದ."

"ಇದರಲ್ಲಿ ನಿನ್ನ ಕೆಲಸವೇನು?"

"ಯಂತ್ರದೊಳಗೆ ಕರ್ನಲ್ ಅಂತ ಒಂದು ಮೂಲ ತಂತ್ರಾಂಶ ಇರುತ್ತೆ. ಅದರಲ್ಲಿ ಕಾರ್ಡಿನ ಜೊತೆ ಮಾತಾಡೋ ಭಾಗ ನಂದು. ಡ್ರೈವರ್ ಅಂತಾರೆ. ಚೀಟೀಲಿರೋದನ್ನ ರಿಜಿಸ್ಟರಿಗೆ ಏರಿಸು ಅಂತ ಕಾರ್ಡಿಗೆ ಹೇಳಬೇಕು. ಅದು ಏರಿಸೋವರೆಗೂ ಬಾಗಿಲಲ್ಲಿ ನಿಂತಿರಬೇಕು. ಆಮೇಲೆ ಮಾತ್ರ ಮೇಲಿನವರಿಗೆ ಆಯ್ತು ಅನ್ನಬೇಕು. ಒಂದು ಕ್ಷಣ ಮುಂಚೆ ಅಂದ್ರೂ ತಪ್ಪು."

ಚಹಾ ತಂದಿದ್ದ ನನ್ನ ಹೆಂಡತಿ, "ಇಷ್ಟಕ್ಕೆ ಸಂಬಳ ಕೊಡ್ತಾರಾ?" ಎಂದಳು.

"ಕೊಡ್ತಾರಮ್ಮ. ಸುಳ್ಳು ಹೇಳದೆ ಇರೋದಕ್ಕೆ."

"ಹಾಗಾದ್ರೆ ತುಂಬಾ ದಿನ ಕೊಡಲ್ಲ ಬಿಡು" ಎಂದು ಅವಳು ಬಟ್ಟಲು ಇಟ್ಟು ಕೆಳಗಿಳಿದಳು. ಅವನು ಬಿದ್ದು ಬಿದ್ದು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಅವನಿಗೆ ಇದ್ದವಳು ಒಬ್ಬಳೇ ಅಕ್ಕ, ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಹೋದಾಗ ಇವನಿಗೆ ಎಂಟು ವರ್ಷವಂತೆ. ನರ್ಸ್ ತರಬೇತಿಯಲ್ಲಿದ್ದ ಅವಳು ವಸತಿಗೃಹದ ಮೇಲ್ವಿಚಾರಕಿಯ ಕಾಲು ಹಿಡಿದು, ತನ್ನ ಮಂಚದ ಕೆಳಗೆ ಚಾಪೆ ಹಾಸಿ ಇವನನ್ನು ಎರಡು ವರ್ಷ ಬಚ್ಚಿಟ್ಟು ಸಾಕಿದಳು. ಆಮೇಲೆ ಕೆಲಸ ಸಿಕ್ಕಿತು, ಮನೆ ಸಿಕ್ಕಿತು. ಅವಳು ಮದುವೆಯ ಮಾತನ್ನೇ ಎತ್ತಲಿಲ್ಲ.

ಹದಿನೈದು ದಿನಕ್ಕೊಮ್ಮೆ ಅವಳು ಬರುತ್ತಿದ್ದಳು. ಬಂದವಳೇ ಮೊದಲು ನನ್ನ ಹೆಂಡತಿಯ ರಕ್ತದೊತ್ತಡ ನೋಡುತ್ತಿದ್ದಳು. ಮೇಲೆ ಹೋಗುವಾಗಲೇ ಬೈಗುಳ ಶುರುವಾಗುತ್ತಿತ್ತು.

"ಏನೋ ಇದು ತಲೆ, ಗುಬ್ಬಿ ಗೂಡು ಕಟ್ಟಿದ ಹಾಗೆ. ಮೊಟ್ಟೆ ಇಟ್ಟಿದ್ಯಾ ಇಲ್ವಾ ನೋಡ್ಲಾ?"

"ಮರಿ ಆಗಿ ಹಾರಿಹೋಗಿದೆ ಅಕ್ಕ. ನೀನು ಲೇಟು."

"ಊಟ ಮಾಡಿದ್ಯಾ? ಸುಳ್ಳು ಹೇಳ್ಬೇಡ. ಪಾತ್ರೆ ಒಣಗಿದೆ."

ಅವನ ಕಂಪನಿ ಆಗ ಆಸ್ಪತ್ರೆಯ ವಾರ್ಡುಗಳಿಗೆಂದು ಅಂಗೈಯಗಲದ ಒಂದು ಯಂತ್ರ ಮಾಡುತ್ತಿತ್ತು. ನರ್ಸು ರೋಗಿಯ ನಾಡಿ, ರಕ್ತದೊತ್ತಡ, ಜ್ವರ ನೋಡಿ ಅದರಲ್ಲಿ ಒತ್ತಬೇಕು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ 'ಉಳಿಸಲಾಗಿದೆ' ಎಂದು ಬರುತ್ತದೆ. ದಾಖಲೆ ಒಳಗಿನ ಕಾರ್ಡಿನಲ್ಲಿ ಕೂರುತ್ತದೆ. ಕಾಗದದ ಪಟ್ಟಿ ಬೇಡ, ಮುಂದಿನ ಪಾಳಿಯವರಿಗೆ ಬಾಯಲ್ಲಿ ಒಪ್ಪಿಸುವುದೂ ಬೇಡ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ನೋಡಿ, ತನ್ನ ಆಸ್ಪತ್ರೆಯ ಮೇಟ್ರನ್ನಿನ ಮುಂದೆ ಇಟ್ಟಳು. "ನನ್ನ ತಮ್ಮ ಮಾಡಿದ್ದು. ಅವನು ಚಿಕ್ಕವನಿದ್ದಾಗ ಸ್ಲೇಟು ಒರೆಸೋಕೂ ಬಿಡ್ತಿರಲಿಲ್ಲ, ಅಷ್ಟು ಜೋಪಾನ" ಎಂದಳಂತೆ. ಆಸ್ಪತ್ರೆ ನಲವತ್ತು ಯಂತ್ರ ತರಿಸಿಕೊಂಡಿತು. ಆ ವಾರ ಅವಳು ನಡೆಯುವ ಠೀವಿಯೇ ಬೇರೆಯಾಗಿತ್ತು.

ಆಸ್ಪತ್ರೆಗೆ ಹೋದ ಆ ನಲವತ್ತರಲ್ಲಿ ಒಂದು ಬದಲಾವಣೆ ಆಗಿತ್ತು. ಇದನ್ನು ಅವನೇ ನನಗೆ ಮುಂದೆ ಹೇಳಿದ್ದು, ಏನನ್ನೂ ಮುಚ್ಚಿಡದೆ.

ಅವನು ಬರೆದಂತೆ ಡ್ರೈವರು ಕಾರ್ಡು ಮುಗಿಸುವವರೆಗೂ ಕಾಯುತ್ತಿತ್ತು. ಕಂಪನಿ ಕೊಂಡ ಅಗ್ಗದ ಕಾರ್ಡುಗಳು ಒಂದೊಂದು ಸಲ ಪೂರ್ತಿ ಒಂದು ಸೆಕೆಂಡು ತೆಗೆದುಕೊಳ್ಳುತ್ತಿದ್ದವು. ಕೊಳ್ಳುವವರ ಮುಂದೆ ತೋರಿಸುವಾಗ ಪರದೆ ಅಷ್ಟು ಹೊತ್ತು ಸುಮ್ಮನೆ ನಿಂತಿತು. ಮ್ಯಾನೇಜರ್ ಮುಜುಗರಪಟ್ಟು ಬಂದ.

"ಪಕ್ಕದ ಕಂಪನೀದು ಒತ್ತಿದ ತಕ್ಷಣ ಬರುತ್ತೆ. ನಮ್ಮದು ಅಜ್ಜಿ ಚಾಳೀಸು ಹುಡುಕಿದ ಹಾಗೆ ಯೋಚನೆ ಮಾಡುತ್ತೆ. ಯಾಕೆ?"

"ಅವರು ಬರೆಯೋಕೆ ಮುಂಚೆ ಆಯ್ತು ಅಂತಾರೆ ಸಾರ್. ನಾವು ಬರೆದ ಮೇಲೆ ಅಂತೀವಿ."

"ನಾವೂ ಮುಂಚೆ ಅನ್ನೋಣ. ಆಮೇಲೆ ಐದು ಸೆಕೆಂಡಲ್ಲಿ ನಿಧಾನವಾಗಿ ಬರ್ಕೊಳ್ಳಲಿ. ಅಷ್ಟರಲ್ಲಿ ಆಕಾಶ ಕಳಚಿ ಬೀಳುತ್ತಾ?"

ಇವನು ಎರಡು ದಿನ ವಾದ ಮಾಡಿದ. ಮೂರನೆಯ ದಿನ ಒಪ್ಪಿಕೊಂಡ. ಒಪ್ಪಿಕೊಳ್ಳಲು ಅವನಿಗೊಂದು ಕಾರಣವಿತ್ತು. ಯಂತ್ರದ ಬ್ಯಾಟರಿಯ ಮುಚ್ಚಳಕ್ಕೆ ಎರಡು ತಿರುಪುಗಳಿದ್ದವು. ಐದು ಸೆಕೆಂಡಿನೊಳಗೆ ತಿರುಪು ಬಿಚ್ಚಿ ಬ್ಯಾಟರಿ ತೆಗೆಯುವುದು ಯಾರಿಂದಲೂ ಆಗದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಸಮಾಧಾನ ಮಾಡಿಕೊಂಡು, ಡ್ರೈವರಿನಲ್ಲಿ ಕಾಯಬೇಕೆಂದಿದ್ದ ಸಾಲನ್ನು ತನ್ನ ಕೈಯಿಂದಲೇ ಬದಲಾಯಿಸಿದ.

ಎರಡು ತಿಂಗಳ ಮೇಲೆ ಕಾರ್ಖಾನೆಯಿಂದ ಯಂತ್ರಗಳು ತಯಾರಾಗಿ ಬಂದಾಗ ನೋಡುತ್ತಾನೆ, ಮುಚ್ಚಳಕ್ಕೆ ತಿರುಪು ಇಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಟಪ್ಪೆಂದು ತೆರೆಯುವ ಕೊಂಡಿ ಬಂದಿದೆ. ಡಬ್ಬಿ ಮಾಡುವ ವಿಭಾಗದವರು ಅನುಕೂಲಕ್ಕೆಂದು ಬದಲಾಯಿಸಿದ್ದರು. ಇವನಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕೆಂದು ಅವರಿಗೆ ತೋಚುವ ಹಾಗೂ ಇರಲಿಲ್ಲ. ಅವನು ಮ್ಯಾನೇಜರಿಗೆ ಒಂದು ಪತ್ರ ಬರೆದ. ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂಬ ಉತ್ತರ ಬಂತು. ಎರಡನೆಯ ಪತ್ರ ಅವನು ಬರೆಯಲಿಲ್ಲ.

"ಯಾಕೆ ಬರೆಯಲಿಲ್ಲ?" ಎಂದು ನಾನು ಕೇಳಿದ್ದೇನೆ.

"ಒಂದು ಬರೆದಿದ್ದೀನಲ್ಲ ಅಂತ ಸಮಾಧಾನ ಇತ್ತು ಮೇಷ್ಟ್ರೇ. ಅಷ್ಟೇ."

ಇನ್ನು ವಾರ್ಡಿನ ಕಡೆಯ ಸಂಗತಿ. ಯಂತ್ರದ ಬ್ಯಾಟರಿ ಒಂದು ಪಾಳಿಗೆ ಸರಿಯಾಗಿ ಸಾಕಾಗುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವ ಹೊತ್ತಿಗೆ ಅದು ಕೊನೆಯುಸಿರು ಎಳೆಯುತ್ತಿತ್ತು. ಬರುವವಳ ಕೈಗೆ ಸತ್ತ ಬ್ಯಾಟರಿ ಕೊಡುವುದು ಸರಿಯಲ್ಲವೆಂದು ಅಕ್ಕ ತನ್ನ ವಾರ್ಡಿನಲ್ಲಿ ಒಂದು ಪದ್ಧತಿ ಮಾಡಿದ್ದಳು. ಹೋಗುವವಳು ಕೊನೆಯ ದಾಖಲೆ ಒತ್ತಿ, ಹಸಿರು ಅಕ್ಷರ ಕಂಡ ಕೂಡಲೇ ಹಳೆಯ ಬ್ಯಾಟರಿ ತೆಗೆದು, ತುಂಬಿದ್ದನ್ನು ಹಾಕಿ, ಯಂತ್ರವನ್ನು ಮುಂದಿನವಳ ಕೈಗೆ ಕೊಡಬೇಕು. ಬೇರೆ ಯಾವ ವಾರ್ಡಿನಲ್ಲೂ ಈ ಮರ್ಯಾದೆ ಇರಲಿಲ್ಲ. ಅವಳ ಕೈಯೋ, ಇಪ್ಪತ್ತೈದು ವರ್ಷ ಸೂಜಿ ಹಿಡಿದ ಕೈ, ಬಲು ಚುರುಕು. ನಡುವೆ ಒಂದೆರಡು ಸಲ ಎರಡು ಗಂಟೆಯ ದಾಖಲೆ ಕಾಣದೆ ಹೋಗಿತ್ತು. ಮರೆತಿರಬೇಕು ಎಂದು ಎಲ್ಲರೂ ಸುಮ್ಮನಾಗಿದ್ದರು.

ಯಂತ್ರ ವಾರ್ಡಿಗೆ ಬಂದ ಎಂಟನೆಯ ತಿಂಗಳು, ಮೂರನೇ ಹಾಸಿಗೆಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದ ಒಬ್ಬ ಬಡಗಿ ಇದ್ದ. ಒಂದು ಗಂಟೆಗೆ ಎಲ್ಲವೂ ಸರಿಯಿತ್ತು. ಎರಡಕ್ಕೆ ಅಕ್ಕ ಉಳಿದವರನ್ನೆಲ್ಲ ನೋಡಿ ಕೊನೆಗೆ ಅವನನ್ನು ನೋಡಿದಾಗ ರಕ್ತದೊತ್ತಡ ಇಳಿದಿತ್ತು, ನಾಡಿ ಏರಿತ್ತು. ಅದನ್ನು ಒತ್ತಿದಳು. ಡಾಕ್ಟರು ಕೂಡಲೇ ನೋಡಬೇಕು ಎಂಬ ಗುರುತನ್ನೂ ಒತ್ತಿದಳು. ಹಸಿರು ಅಕ್ಷರ ಬಂತು. ಬ್ಯಾಟರಿ ಬದಲಾಯಿಸಿ, ಬಂದವಳ ಕೈಗೆ ಯಂತ್ರ ಕೊಟ್ಟು, "ಮೂರನೇದರ ಮೇಲೆ ಕಣ್ಣಿರಲಿ" ಎಂದು ಹೇಳಿ ಹೊರಟಳು. ಬಂದವಳು ಯಂತ್ರ ನೋಡಿದಳು. ಅದರಲ್ಲಿ ಮೂರನೇ ಹಾಸಿಗೆಯ ಕೊನೆಯ ದಾಖಲೆ ಒಂದು ಗಂಟೆಯದು, ಎಲ್ಲ ಸರಿಯಿದೆ. ಅವಳು ಒಂದನೇ ಹಾಸಿಗೆಯಿಂದ ತನ್ನ ಕೆಲಸ ಶುರುಮಾಡಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಬಡಗಿಗೆ ಪ್ರಜ್ಞೆ ತಪ್ಪಿತ್ತು. ಒಳಗೆ ರಕ್ತ ಸೋರಿತ್ತು. ನಾಲ್ಕು ಗಂಟೆಗೆ ಅವನು ತೀರಿಕೊಂಡ. ಹೆಂಡತಿಯೂ ಮೂವರು ಹೆಣ್ಣುಮಕ್ಕಳೂ ಇದ್ದರು.

ಬುಧವಾರ ಅಕ್ಕ ನಮ್ಮ ಮನೆಗೆ ಬಂದಳು. ಅದು ಅವಳು ಬರುವ ದಿನವಲ್ಲ. ಮೇಲೆ ಹತ್ತಲಿಲ್ಲ, ನಮ್ಮ ಹಜಾರದಲ್ಲೇ ಕುಳಿತಳು. ಇವನು ಇಳಿದು ಬಂದ. ಎರಡು ಗಂಟೆಯ ತಪಾಸಣೆ ಮಾಡಿಯೇ ಇಲ್ಲ ಎಂದು ಅವಳ ಮೇಲೆ ಆರೋಪ ಬಂದಿತ್ತು. ಕೆಲಸದಿಂದ ದೂರ ಇಟ್ಟಿದ್ದರು. ವಿಚಾರಣೆ ಮುಂದಿನ ವಾರ.

"ನಾನು ಒತ್ತಿದ್ದೀನಿ. ಉಳಿಸಲಾಗಿದೆ ಅಂತ ಬಂದಿದ್ದನ್ನ ಕಣ್ಣಾರೆ ನೋಡಿದ್ದೀನಿ. ನಂಗೇನು ಅರಳುಮರಳಾ?" ಎಂದಳು.

ಇವನು ನಿಂತೇ ಇದ್ದ. "ಹಸಿರು ಬಂದ ಎಷ್ಟು ಹೊತ್ತಿಗೆ ಬ್ಯಾಟರಿ ತೆಗೆದೆ ಅಕ್ಕ?" ಎಂದ.

"ಎಷ್ಟು ಹೊತ್ತು ಅಂದ್ರೆ? ಬಂತು, ತೆಗೆದೆ."

ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಆಮೇಲೆ ಎಲ್ಲವನ್ನೂ ಹೇಳಿದ. ಚೀಟಿ, ಐದು ಸೆಕೆಂಡು, ಮುಚ್ಚಳ, ಒಂದು ಪತ್ರ. ಮುಗಿದ ಮೇಲೆ ಕೇಳಿದಳು.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ನಾನು ಅದನ್ನ ಮೇಟ್ರನ್ ಹತ್ರ ತಗೊಂಡು ಹೋದಾಗ?"

"ಆಗ ಮುಚ್ಚಳಕ್ಕೆ ತಿರುಪು ಇತ್ತು."

"ನಲವತ್ತು ಬಂದು ವಾರ್ಡಿಗೆ ಹಂಚಿದಾಗ?"

ಅವಳು ಎದ್ದು ಚಪ್ಪಲಿ ಮೆಟ್ಟಿದಳು. ನನ್ನ ಹೆಂಡತಿ ಊಟ ಮಾಡಿಕೊಂಡು ಹೋಗೆಂದಳು. "ಇನ್ನೊಂದಿನ" ಎಂದಳು. ಆ ಇನ್ನೊಂದು ದಿನ ಬರಲಿಲ್ಲ.

ಅವಳು ಹೋದ ಮೇಲೆ ಅವನು ಮಾಡಿದ ಮೊದಲ ಕೆಲಸ ಕಂಪನಿಗೆ ಪತ್ರ ಬರೆದದ್ದು. ಕಾರ್ಡು ಬರೆದು ಮುಗಿಸುವವರೆಗೂ ಕಾಯುವ ಹಳೆಯ ಸಾಲನ್ನು ಇವತ್ತೇ ಹಿಂದಕ್ಕೆ ಹಾಕಿ, ನಾಳೆಗೆ ತಳ್ಳಬೇಡಿ, ಇಂಥ ಯಂತ್ರ ಇನ್ನೂ ಆರು ಆಸ್ಪತ್ರೆಗಳಲ್ಲಿ ಇದೆ, ಅಲ್ಲಿಯೂ ಹಾಸಿಗೆಗಳಿವೆ ಎಂದು ಬರೆದ. ಆ ಸಾಲುಗಳನ್ನೂ ಪತ್ರದ ಜೊತೆಗೇ ಕಳಿಸಿದ, ಹುಡುಕಲು ಹೊತ್ತು ಹಿಡಿಯಬಾರದೆಂದು.

ಕಂಪನಿ ಅವನ ಮಾತನ್ನು ಅಷ್ಟು ಬೇಗ ನಡೆಸಿಕೊಟ್ಟದ್ದು ಅದೇ ಮೊದಲು. ಶನಿವಾರದೊಳಗೆ ಏಳು ಆಸ್ಪತ್ರೆಗಳ ಎಲ್ಲ ಯಂತ್ರಗಳಿಗೂ ಹೊಸ ಆವೃತ್ತಿ ತಂತಾನೇ ಹೋಗಿ ಕುಳಿತಿತ್ತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಆದರೆ ಅದು ಇವನಿಗೆ ತಿಳಿಯಲಿಲ್ಲ. ಶುಕ್ರವಾರವೇ ಅವನನ್ನು ಕರೆದು, ಗುರುತಿನ ಚೀಟಿಯನ್ನೂ ಲ್ಯಾಪ್‌ಟಾಪನ್ನೂ ಇಸಿದುಕೊಂಡು ಮನೆಗೆ ಕಳಿಸಿದ್ದರು. ಮರುದಿನ ಬೆಳಿಗ್ಗೆ ಒಂದು ವ್ಯಾನು ಬಂತು. ಇಬ್ಬರು ಮಹಡಿ ಹತ್ತಿ ಕಾರ್ಡು, ತಂತಿ, ಮನೆಯಲ್ಲಿದ್ದ ಪರೀಕ್ಷೆಯ ಯಂತ್ರಗಳು ಎಲ್ಲವನ್ನೂ ಪಟ್ಟಿ ಮಾಡಿ ತುಂಬಿಕೊಂಡರು.

"ಹಲಗೆ ನನ್ನದು" ಎಂದ ಇವನು.

"ಮೊಳೆ ಕಂಪನೀದು" ಎಂದ ಬಂದವನು. ನಗೆಚಾಟಿಕೆಗೆ ಹೇಳಿದ್ದಲ್ಲ. ಕುಳಿತು ಮೊಳೆ ಕಿತ್ತುಕೊಂಡು ಹಲಗೆ ಬಿಟ್ಟು ಹೋದ.

ವಿಚಾರಣೆಯ ದಿನ ಅವನು ನನ್ನನ್ನೂ ಕರೆದ. ಆಸ್ಪತ್ರೆಯ ಸಭಾಕೋಣೆ, ಉದ್ದನೆಯ ಮೇಜು, ಮೂವರು ಕುಳಿತಿದ್ದರು. ಅಧ್ಯಕ್ಷರು ಒಬ್ಬ ಹಿರಿಯ ವೈದ್ಯರು, ಕೆಟ್ಟ ಮನುಷ್ಯರೇನೂ ಅಲ್ಲ. ಕಂಪನಿಯ ಪರವಾಗಿ ಮ್ಯಾನೇಜರ್ ಬಂದಿದ್ದ. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಅಕ್ಕ ಮುಂದೆ ಒಬ್ಬಳೇ ಕುಳಿತಿದ್ದಳು, ಬೆನ್ನು ನೆಟ್ಟಗೆ.

ಮೊದಲು ಆ ಎರಡನೇ ಪಾಳಿಯ ನರ್ಸನ್ನು ಕೇಳಿದರು. "ನನಗೆ ಯಾರೂ ಏನೂ ಹೇಳಲಿಲ್ಲ" ಎಂದಳು ಅವಳು, ನೆಲ ನೋಡುತ್ತ. ಎರಡು ಮಕ್ಕಳ ತಾಯಿ, ಕಾಯಂ ಆಗದ ನೌಕರಿ. ಅಕ್ಕ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಇವನ ಸರದಿ. ವಾರ್ಡಿನಿಂದ ಅದೇ ಯಂತ್ರವನ್ನು ತರಿಸಿ ಎಂದ. ತಂದರು. "ಈಗ ನಾನು ಒಂದು ದಾಖಲೆ ಒತ್ತುತ್ತೀನಿ. ಉಳಿಸಲಾಗಿದೆ ಅಂತ ಬರುತ್ತೆ. ತಕ್ಷಣ ಬ್ಯಾಟರಿ ತೆಗೀತೀನಿ. ಮತ್ತೆ ಹಾಕಿದಾಗ ಆ ದಾಖಲೆ ಇರೋದಿಲ್ಲ" ಎಂದ. ಒತ್ತಿದ. ಪರದೆ ಒಂದು ಕ್ಷಣ ಸುಮ್ಮನೆ ನಿಂತಿತು. ಆಮೇಲೆ ಹಸಿರು ಅಕ್ಷರ ಬಂತು.

ಆ ಒಂದು ಕ್ಷಣವನ್ನು ಹಿಂದಿನ ಬೆಂಚಿನಿಂದ ನಾನೂ ಕಂಡೆ. ಕಾರ್ಡು ರಿಜಿಸ್ಟರಿಗೆ ಏರಿಸುತ್ತಿತ್ತು, ಡ್ರೈವರು ಬಾಗಿಲಲ್ಲಿ ನಿಂತು ಕಾಯುತ್ತಿತ್ತು. ಅವನ ಬೆರಳು ಮುಚ್ಚಳದ ಮೇಲೆಯೇ ನಿಂತಿತು. ಅವನಿಗೆ ಅಲ್ಲೇ ಅರ್ಥವಾಗಿತ್ತು. ಆದರೂ ಬ್ಯಾಟರಿ ತೆಗೆದ, ಹಾಕಿದ. ದಾಖಲೆ ಇತ್ತು.

ಮತ್ತೆ ಮಾಡಿದ. ಇತ್ತು. ಒಂಬತ್ತು ಸಲ ಮಾಡಿದ.

"ಇನ್ನೂ ಎಷ್ಟು ಸಲ ಬೇಕು ನಿಮಗೆ?" ಎಂದರು ಅಧ್ಯಕ್ಷರು, ಮೆತ್ತಗೆ.

"ಇದು ಬದಲಾಗಿದೆ ಸರ್. ಆವತ್ತು ಇದ್ದದ್ದು ಇದಲ್ಲ. ಹೋದ ವಾರ ಬದಲಾಯಿಸಿದ್ದಾರೆ. ನಾನೇ ಬದಲಾಯಿಸಿ ಅಂತ ಬರೆದಿದ್ದೆ."

ಮ್ಯಾನೇಜರ್ ಒಂದು ಕಾಗದ ಮುಂದಿಟ್ಟ. ಹೊಸ ಆವೃತ್ತಿ ಹೋದದ್ದು ನಿಜ, ಅದರಲ್ಲಿ ಏನಿದೆಯೆಂದು ಎಲ್ಲ ಆಸ್ಪತ್ರೆಗಳಿಗೂ ತಿಳಿಸಿದ್ದೇವೆ ಎಂದ. ಕಾಗದದಲ್ಲಿ ಒಂದೇ ಸಾಲಿತ್ತು: ವೇಗ ಮತ್ತು ಸ್ಥಿರತೆಯಲ್ಲಿ ಸಣ್ಣ ಸುಧಾರಣೆಗಳು. "ನಮ್ಮ ಎಂಜಿನಿಯರ್ ಬರೆದ ಡ್ರೈವರ್ ಬಹಳ ಗಟ್ಟಿ ಸಾರ್. ಒಂಬತ್ತು ಸಲ ತಾವೇ ನೋಡಿದ್ರಲ್ಲ" ಎಂದೂ ಸೇರಿಸಿದ.

ಕಂಪನಿಗೆ ಬರೆದ ಪತ್ರ ಎಲ್ಲಿ ಎಂದು ಕೇಳಿದರು. ಅದು ಕಂಪನಿಯ ಇಮೇಲಿನಲ್ಲಿತ್ತು. ಅದರ ಬಾಗಿಲು ಶುಕ್ರವಾರವೇ ಅವನಿಗೆ ಮುಚ್ಚಿತ್ತು.

"ಅಕ್ಕನ್ನ ಉಳಿಸೋಕೆ ಬಂದಿದ್ದೀರಿ. ಅರ್ಥ ಆಗುತ್ತಪ್ಪ" ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ಕನಿಕರವಿತ್ತು. ಬೈದಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲವೇನೋ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ವಿವರಿಸಿದ್ದೇನೆ. ಬರೆ ಬೀಳುವುದನ್ನು ಕಣ್ಣೆದುರು ಕಂಡದ್ದು ಆವತ್ತು. ಅಕ್ಕನನ್ನು ಕೆಲಸದಿಂದ ತೆಗೆದರು. ನೋಂದಾಯಿತ ನರ್ಸುಗಳ ಪಟ್ಟಿಯಿಂದಲೂ ಅವಳ ಹೆಸರು ಹೋಯಿತು. ಬಡಗಿಯ ಹೆಂಡತಿ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದಳು. ಅಕ್ಕ ಅವಳ ಮುಂದೆ ಹಾದುಹೋಗಬೇಕಾಯಿತು. ಆ ಹೆಂಗಸು ಮುಖ ತಿರುಗಿಸಿಕೊಂಡಳು. ಗಂಡನನ್ನು ಕೊಂದವಳು ಇವಳೇ ಎಂದು ಅವಳು ಇವತ್ತಿಗೂ ನಂಬಿದ್ದಾಳೆ.

ಬಸ್ಸಿಗೆ ಕಾಯುವಾಗ ನಾನು ತಡೆಯಲಾರದೆ, "ವಿಚಾರಣೆ ಮುಗಿಯುವವರೆಗೆ ಒಂದು ಯಂತ್ರವನ್ನಾದರೂ ಹಾಗೆಯೇ ಬಿಡಿ ಎಂದು ಬರೆಯಬಾರದಿತ್ತೇ?" ಎಂದೆ.

"ಯಾವುದನ್ನ ಮೇಷ್ಟ್ರೇ? ಯಾವ ವಾರ್ಡಿಂದು?" ಎಂದ.

ಮೇಷ್ಟರಾದವನು ಕೇಳಬಾರದ ಪ್ರಶ್ನೆಯನ್ನು ಕೇಳಿದೆನೆಂದು ಈಗಲೂ ಅನ್ನಿಸುತ್ತದೆ.

ಇದಾಗಿ ಮೂರು ವರ್ಷವಾಗುತ್ತ ಬಂತು. ಸ್ವಿಚ್ಚಪ್ಪ ಈಗಲೂ ನಮ್ಮ ಮಹಡಿಯಲ್ಲೇ ಇದ್ದಾನೆ. ನೀರಿನ ತೊಟ್ಟಿ ತುಂಬಿದರೆ ಕೂಗಿಕೊಳ್ಳುವ ಗಂಟೆಗಳನ್ನು ಮಾಡುವ ಒಂದು ಸಣ್ಣ ಕಾರ್ಯಾಗಾರದಲ್ಲಿ ಕೆಲಸ. ಹಿಂದಿನ ಸಂಬಳದ ಮೂರನೆಯ ಒಂದು ಭಾಗವೂ ಇಲ್ಲ. "ತೊಟ್ಟಿ ತುಂಬಿತು, ಕೂಗ್ತು. ಇದರಲ್ಲಿ ನೆನಪಿಟ್ಕೊಳ್ಳೋ ಕೆಲಸಾನೇ ಇಲ್ಲ ಮೇಷ್ಟ್ರೇ, ಆರಾಮು" ಎನ್ನುತ್ತಾನೆ. ಆರಾಮವಾಗಿರುವವನ ಮುಖ ಅದಲ್ಲ. ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ಅವರ ಮನೆಯಲ್ಲಿ ಅಕ್ಕ ನೋಡಿಕೊಳ್ಳುತ್ತಾಳೆ. ಅಲ್ಲಿ ಅವಳನ್ನು ನರ್ಸ್ ಎಂದು ಕರೆಯುವ ಹಾಗಿಲ್ಲ, ಆಯಾ ಎನ್ನುತ್ತಾರೆ.

ತೀರ್ಪಿನ ಮೇಲೆ ಮೇಲ್ಮನವಿಗೆ ಮೂರು ವರ್ಷದ ಗಡುವು ಇದೆ. ಒಬ್ಬ ವಕೀಲರು ದಾರಿಯನ್ನೂ ತೋರಿಸಿದ್ದಾರೆ. ಕಂಪನಿಯ ಕಡತದಲ್ಲಿ ಡ್ರೈವರಿನ ಪ್ರತಿಯೊಂದು ಸಾಲನ್ನು ಯಾರು, ಯಾವ ದಿನ ಬದಲಾಯಿಸಿದರೆಂಬುದು ಇದ್ದೇ ಇರುತ್ತದೆ. ಆವತ್ತು ಯಂತ್ರದಲ್ಲಿ ಏನಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಆ ಕಡತವನ್ನು ತೆರೆಸಬೇಕಾದರೆ ಶಿಕ್ಷೆಗೊಳಗಾದವಳೇ ದೂರು ಕೊಡಬೇಕು, ಅದೂ ಹೆಸರು ಹಿಡಿದು, ಆ ಸಾಲನ್ನು ಬದಲಾಯಿಸಿದವನ ಮೇಲೆ. ಅಂದರೆ ತಮ್ಮನ ಮೇಲೆ. ತಿಳಿದೂ ತಿಳಿದೂ ಒಬ್ಬನ ಸಾವಿಗೆ ಕಾರಣನಾದನೆಂದು. ಅವನು ಜೈಲಿಗೂ ಹೋಗಬಹುದು ಎಂದು ವಕೀಲರು ಎಚ್ಚರಿಸಿದ್ದಾರೆ.

ಆ ದೂರನ್ನು ಅವನೇ ಬರೆಯುತ್ತಾನೆ, ಅಕ್ಕನ ಮಾತಿನಲ್ಲಿ. 'ನನ್ನ ತಮ್ಮನು ತನ್ನ ಕೆಲಸವನ್ನು ಉಳಿಸಿಕೊಳ್ಳುವುದಕ್ಕಾಗಿ' ಎಂದು ಶುರುವಾಗುತ್ತದೆ. ಬರೆದು ನನಗೆ ತಿದ್ದಲು ಕೊಡುತ್ತಾನೆ. ಕಾಗುಣಿತ ತಿದ್ದುತ್ತೇನೆ. ಎರಡು ಸಲ ಕೆಲವು ಕಠೋರವಾದ ಮಾತುಗಳನ್ನು ಮೆತ್ತಗೆ ಮಾಡಿದ್ದೆ, ಅವನು ಮತ್ತೆ ಹಾಕಿಕೊಂಡು ಬಂದ. ಭಾನುವಾರ ಬೆಳಿಗ್ಗೆ ಅದನ್ನು ಅಕ್ಕನ ಮನೆಗೆ ಒಯ್ಯುತ್ತಾನೆ. ಅವಳು ಬಾಗಿಲು ತೆರೆಯುತ್ತಾಳೆ, ಚಹಾ ಕೊಡುತ್ತಾಳೆ. ತಲೆಕೂದಲಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಕಾಗದ ಮೇಜಿನ ಮೇಲೆ ಇರುತ್ತದೆ, ಮುಟ್ಟುವುದಿಲ್ಲ.

ಹೋದ ಸಲ ಅವನು ಗೋಗರೆದನಂತೆ. "ಸಹಿ ಹಾಕು ಅಕ್ಕ. ನಿನ್ನ ಹೆಸರು ನಿಂಗೆ ವಾಪಸ್ ಬರುತ್ತೆ."

"ನಿನ್ನ ಸಾಕಿದ್ದು ಜೈಲಿಗೆ ಕಳಿಸೋಕಾ? ಚಹಾ ಆರ್ತಿದೆ, ಕುಡಿ" ಎಂದಳಂತೆ.

"ನನ್ನ ಮೇಲೆ ನಿಂಗೆ ಸಿಟ್ಟಿಲ್ವಾ ಹಾಗಾದ್ರೆ?"

"ಇದೆ. ಅದು ನನ್ನ ಹತ್ರಾನೇ ಇರಲಿ."

ಅವನು ಇದನ್ನು ನನಗೆ ಹೇಳುವಾಗ ನನ್ನ ಹೆಂಡತಿ ಪಕ್ಕದಲ್ಲಿದ್ದಳು. "ಪಾಪ, ನಿನ್ನ ಕಾಪಾಡ್ತಿದಾಳೆ ಕಣೋ" ಎಂದಳು.

"ಇಲ್ಲಮ್ಮ" ಎಂದ ಅವನು. "ಶಿಕ್ಷೆ ಕೊಡ್ತಿದಾಳೆ. ಅವಳಿಗೆ ಗೊತ್ತು."

ಯಾರ ಮಾತು ನಿಜವೋ ನಾನರಿಯೆ. ಎರಡೂ ಇರಬಹುದು.

ನಿನ್ನೆ ಸಂಜೆ ಅವನು ಮತ್ತೊಂದು ಪ್ರತಿ ತಂದುಕೊಟ್ಟ, ಹನ್ನೊಂದನೆಯದು. ಈ ಸಲ ಬಡಗಿಯ ಹೆಣ್ಣುಮಕ್ಕಳ ವಯಸ್ಸನ್ನೂ ಸೇರಿಸಿದ್ದಾನೆ. ಅದನ್ನು ಓದಿದರೆ ಅಕ್ಕನ ಮನಸ್ಸು ಗಟ್ಟಿಯಾಗಿ ಸಹಿ ಹಾಕಿಯಾಳೆಂಬ ಆಸೆ. ಇವತ್ತು ಬೆಳಿಗ್ಗೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡು ಎಂಟು ಗಂಟೆಯ ಬಸ್ಸಿಗೆ ಹೋದ. ಗಡುವು ಮುಗಿಯಲು ಇದನ್ನು ಬಿಟ್ಟರೆ ಇನ್ನು ನಾಲ್ಕು ಭಾನುವಾರಗಳಿವೆ.